ನನ್ನ ಅನುಭವ: ಹನ್ನೆರಡು ವರ್ಷದ ಮೇಲೆ ಟಾಸ್ ಹಿಂದಿನ ಗೆರೆಗೆ ಬಿತ್ತು

"ಕೈ ಹಾಗೇ ಪಳಗಿಬಿಟ್ಟಿದೆ, ಈ ವಯಸ್ಸಲ್ಲಿ ಬದಲಾಗಲ್ಲ ಗುರು." ನಮ್ಮ ಬೆಳಗಿನ ಬ್ಯಾಡ್ಮಿಂಟನ್ ಗುಂಪಿನವರೆಲ್ಲ ನನಗೆ ಹೇಳಿದ್ದು ಇದೇ. ನನಗೆ ಆಗ ನಲವತ್ತಮೂರು. ಹನ್ನೆರಡು ವರ್ಷ ಆಡಿದ್ದರೂ ನನ್ನ ಟಾಸ್ (ಶಟಲನ್ನು ಎತ್ತರಕ್ಕೆ ಹೊಡೆದು ಎದುರಿನವರ ಹಿಂದಿನ ಗೆರೆಗೆ ಕಳಿಸುವ ಹೊಡೆತ) ಅವರ ಕೋರ್ಟಿನ ನಡುಭಾಗ ದಾಟಿದರೆ ಹೆಚ್ಚು. ಅಲ್ಲಿಂದ ಮೇಲಿಂದ ಕೆಳಗೆ ಬಡಿಯುವ ಸ್ಮ್ಯಾಶ್ ಬಾರದೆ ಇನ್ನೇನು ಬರುತ್ತದೆ? ಈಗ ಹತ್ತರಲ್ಲಿ ಏಳೆಂಟು ಹಿಂಬದಿಯ ಡಬಲ್ಸ್ ಸರ್ವಿಸ್ ಗೆರೆ ದಾಟಿ, ಕೊನೆಯ ಗೆರೆಗೆ ಮುಂಚಿನ 76 ಸೆಂಟಿಮೀಟರ್ ಪಟ್ಟಿಯೊಳಗೆ ಬೀಳುತ್ತವೆ. ಎಂಟು ತಿಂಗಳು ಹಿಡಿಯಿತು.

ಮೊದಲು ದುಡ್ಡು ಕಳೆದ ಕತೆ ಹೇಳುತ್ತೇನೆ. ಶಕ್ತಿ ಸಾಲದು ಅಂದುಕೊಂಡು ಒಂಬತ್ತು ಸಾವಿರದ ಹತ್ತಿರ ಕೊಟ್ಟು ತಲೆ ಭಾರದ, ಬಗ್ಗದ ರಾಕೆಟ್ ತಂದೆ. 28 ಪೌಂಡ್ ಬಿಗಿತಕ್ಕೆ ಗಟ್ಟಿಂಗ್ (ರಾಕೆಟ್ಟಿನ ಬಲೆ ಬಿಗಿಸುವುದು) ಮಾಡಿಸಿದೆ. ಎರಡು ತಿಂಗಳಿಗೆ ಭುಜ ಹಿಡಿದುಕೊಂಡಿತು. ಅಂಗಿ ತೋಳಿಗೆ ಕೈ ತೂರಿಸಲೂ ನೋವು. ಫಿಸಿಯೋಥೆರಪಿಗೆ ಆರೇಳು ಸಾವಿರ ಹೋಯಿತು. ಆಮೇಲೆ ಮೂರು ತಿಂಗಳು ಜಿಮ್. ಭುಜ ತುಂಬಿಕೊಂಡಿತು, ಟಾಸ್ ಮಾತ್ರ ಇದ್ದಲ್ಲೇ ಇತ್ತು. ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿರಬೇಕು.

ನಾನಿರುವುದು ಮಲ್ಲೇಶ್ವರದ ಪಕ್ಕದಲ್ಲೇ. ಪ್ರಕಾಶ್ ಪಡುಕೋಣೆ ಆಟ ಕಲಿತ ಕೆನರಾ ಯೂನಿಯನ್ ಮುಂದೆ ಎಷ್ಟು ಸಲ ಓಡಾಡಿದ್ದೇನೋ. ಅವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದದ್ದು ತೋಳಿನ ಜೋರಿನಿಂದಲ್ಲ, ಕೈಚಳಕದಿಂದ. ಇದು ಗೊತ್ತಿದ್ದೂ ನಾನು ಡಂಬೆಲ್ ಎತ್ತುತ್ತಿದ್ದೆ.

ದಾರಿ ಸಿಕ್ಕಿದ್ದು ಫೋನಿನಿಂದ. ನೀರಿನ ಬಾಟಲಿಗೆ ಒರಗಿಸಿಟ್ಟು ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡಿದೆ. ರಾಕೆಟ್ಟನ್ನು ದೋಸೆ ಮಗುಚುವ ಕೈ ಹಾಗೆ ಹಿಡಿದಿದ್ದೆ. ಅದರ ಮುಖ ಶುರುವಿನಿಂದಲೇ ನೆಟ್ ಕಡೆ ನೋಡುತ್ತಿತ್ತು. ಮೊಣಕೈ ಪಕ್ಕೆಗೆ ಅಂಟಿಕೊಂಡಿತ್ತು. ಶಟಲ್ ತಲೆ ದಾಟಿ ಹಿಂದೆ ಹೋದ ಮೇಲೆ, ಕಿವಿ ಪಕ್ಕದಲ್ಲಿ ಹೊಡೆಯುತ್ತಿದ್ದೆ. ಇಡೀ ತೋಳು ತಳ್ಳುತ್ತಿತ್ತು, ಮುಂಗೈ ತಿರುಗುತ್ತಲೇ ಇರಲಿಲ್ಲ.

ಅಲ್ಲಿಂದ ಮಚ್ಚು ಹಿಡಿದ ಹಾಗೆ ಹಿಡಿಯಲು ಶುರು ಮಾಡಿದೆ. ಫ್ರೇಮಿನ ಅಂಚಿನಿಂದ ಶಟಲ್ ಕತ್ತರಿಸಲು ಹೊರಟವರಂತೆ ಮೇಲೆ ಹೋಗಬೇಕು. ಕೊನೆ ಗಳಿಗೆಯಲ್ಲಿ ಮುಂಗೈ ತಿರುಗಬೇಕು. ಹೊಡೆದಾದ ಮೇಲೆ ಹೆಬ್ಬೆರಳು ನೆಲದ ಕಡೆಗಿದ್ದರೆ ತಿರುಗಿದೆ ಅಂತ ಅರ್ಥ. ಹಿಡಿತ ಎಷ್ಟು ಸಡಿಲ ಅಂದರೆ, ಯಾರಾದರೂ ಹಿಂದಿನಿಂದ ಸುಮ್ನೆ ಎಳೆದರೂ ರಾಕೆಟ್ ಕೈಯಿಂದ ಜಾರಬೇಕು. ನನ್ನ ಮಗಳ ಕೈಲಿ ದಿನಾ ಹಾಗೆ ಎಳೆಸುತ್ತಿದ್ದೆ. ಶಟಲ್ ತಾಕುವಾಗ ಮಾತ್ರ ಬಿಗಿ. ಯಾವ ಬೆರಳು ಮೊದಲು ಬಿಗಿ ಮಾಡುತ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ, ನಮ್ಮ ಗುಂಪಿನವರೂ ಓದುತ್ತಾರೆ.

ತಾರಸಿಯಲ್ಲಿ ಬಟ್ಟೆ ಒಣಹಾಕುವ ಕಂಬಕ್ಕೆ ಬಿದಿರು ಕಟ್ಟಿ, ತೆಳ್ಳಗಿನ ದಾರಕ್ಕೆ ಹಳೆ ಶಟಲ್ ನೇತುಹಾಕಿದೆ. ಕೈ ನೀಟಾಗಿ ಚಾಚಿದಾಗ ರಾಕೆಟ್ ತುದಿ ಎಲ್ಲಿ ಮುಟ್ಟುತ್ತದೋ ಅದಕ್ಕಿಂತ ಒಂದು ಗೇಣು ಕೆಳಗೆ, ಅರ್ಧ ಹೆಜ್ಜೆ ಮುಂದೆ. ಬೆಳಿಗ್ಗೆ ನೂರು ಹೊಡೆತ. ಮೂರು ವಾರ ಬರೀ ಫ್ರೇಮಿಗೆ ಬಡಿದು 'ಟಕ್' ಅನ್ನುತ್ತಿತ್ತು. ಒಂದು ದಿನ 'ಠಣ್' ಅಂತು. ದಾರ ಬಿದಿರಿಗೆ ಎರಡು ಸುತ್ತು ಸುತ್ತಿಕೊಂಡಿತು. ಹೆಂಡತಿಯನ್ನು ಮೇಲೆ ಕರೆದು ತೋರಿಸಿದೆ.

ಕೋರ್ಟಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಸುಮಾರು ಒಂದೂವರೆ ತಿಂಗಳು ಶಟಲ್ ಪಕ್ಕದ ಕೋರ್ಟಿಗೆ ಹೋಗುತ್ತಿತ್ತು, ಇಲ್ಲವೇ ನೆಟ್ಟಿಗೆ. ನನ್ನ ಜೊತೆ ಜೋಡಿಯಾಗಲು ಯಾರೂ ಒಪ್ಪಲಿಲ್ಲ. ಆ ತಿಂಗಳ ಫೆದರ್ (ಹಕ್ಕಿ ಗರಿಯ) ಶಟಲ್ ಡಬ್ಬಗಳ ಖರ್ಚೆಲ್ಲ ನನ್ನದು ಅಂದೆ, ಆಗ ಒಪ್ಪಿದರು. ಆಗ ಒಂದು ಡಬ್ಬಕ್ಕೇ ಎರಡು ಸಾವಿರದ ಆಸುಪಾಸು ಇತ್ತು. ಸೋತರೂ ಹಳೆ ಹಿಡಿತಕ್ಕೆ ಮಾತ್ರ ವಾಪಸ್ ಹೋಗಲಿಲ್ಲ. ಅಲ್ಲಿ ಜಾರಿದವರೇ ಜಾಸ್ತಿ.

ಭಾರದ ರಾಕೆಟ್ ಮಾರಿ ಹಳೆಯ ಮೂರು ಸಾವಿರದ್ದನ್ನೇ ತೆಗೆದೆ. ಗಟ್ಟಿಂಗ್ 24 ಪೌಂಡಿಗೆ ಇಳಿಸಿದೆ. ಬಲೆ ಸಡಿಲವಾದರೆ ಅದೇ ಶಟಲನ್ನು ಚಿಮ್ಮಿಸಿ ಕಳಿಸುತ್ತದೆ. ನಮ್ಮಂಥವರಿಗೆ 28 ಬೇಡವೇ ಬೇಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒದ್ದೆ ಟವೆಲ್ಲನ್ನು ಗಾಳಿಯಲ್ಲಿ 'ಫಟ್' ಅನ್ನಿಸುವುದು ಮುಂಗೈಗೆ ಒಳ್ಳೆಯದು. ಹಳೆ ಶಟಲ್ ಕೈಯಲ್ಲೇ ಎಸೆದು ನೆಟ್ ದಾಟಿಸುತ್ತಿದ್ದೆ. ಎಡಗೈ ಎತ್ತಿ ಹಿಡಿಯುವುದನ್ನೂ ಸೊಂಟ ತಿರುಗಿಸುವುದನ್ನೂ ಅದೇ ಕಲಿಸಿತು. ಹಿಂದಿನ ರಾತ್ರಿ ಫೆದರ್ ಶಟಲಿಗೆ ಕೆಟಲ್ ಹಬೆ ಹಿಡಿದರೆ ಎರಡು ಗೇಮ್ ಬರುವುದು ಮೂರು ಬರುತ್ತದೆ. ನೈಲಾನ್‌ನಲ್ಲಿ ಮಾತ್ರ ಟಾಸ್ ಅಳೆಯಬೇಡಿ. ಫೆದರ್ ಕೊನೆಯಲ್ಲಿ ವೇಗ ಕಳೆದುಕೊಂಡು ನೇರ ಕೆಳಗಿಳಿಯುತ್ತದೆ, ನೈಲಾನ್ ಹಾಗೆ ಇಳಿಯುವುದಿಲ್ಲ.

'ಬದಲಾಗಲ್ಲ ಗುರು' ಅಂದವರಲ್ಲೇ ಒಬ್ಬರ ಎದುರು ಆಡಿದ ದಿನದ್ದು ಹೇಳಲೇಬೇಕು. ನಾನು ಹೊಡೆದೆ. ಅವರು ರೂಢಿಯಂತೆ ಕೋರ್ಟಿನ ನಡುವೆ ನಿಂತು ರಾಕೆಟ್ ಎತ್ತಿದರು. ಶಟಲ್ ಇಳಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಹೋದರು, ಮತ್ತೆ ಒಂದು. ಔಟ್ ಅಂತ ಬಿಟ್ಟರು. ಬಿದ್ದದ್ದು ಗೆರೆಯ ಮೇಲೆ. "ಇನ್ನೊಂದು ಸಲ ಹೊಡಿ ನೋಡೋಣ" ಅಂದರು. ಹೊಡೆದೆ.

ಈಗ ಅದೇ ಬೀಸಿನಲ್ಲಿ, ನೆಟ್ ದಾಟಿದ ಕೂಡಲೇ ಇಳಿಯುವ ಡ್ರಾಪ್ ಕೂಡ ಹಾಕುತ್ತೇನೆ. ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಡ ಮೂಲೆಗೆ ಬಂದ ಶಟಲನ್ನು, ಬಲಗೈಯನ್ನು ತಲೆಯ ಮೇಲಿಂದ ಎಡಕ್ಕೆ ತಂದು ಹೊಡೆಯುವುದು ಬಾಕಿ ಇದೆ. ಹೋದ ವಾರದಿಂದ ತಾರಸಿಯ ದಾರವನ್ನು ಒಂದು ಮೊಳ ಎಡಕ್ಕೆ ಕಟ್ಟಿದ್ದೇನೆ. ಸದ್ಯಕ್ಕೆ ದಿನಕ್ಕೆ ಐವತ್ತು.