ಲೋಟ ಬಿಡುವುದನ್ನು ಕಲಿಸಿದ್ದು

ನಾನು ಫಿಸಿಯೋಥೆರಪಿಸ್ಟ್. ತೀರ್ಥಹಳ್ಳಿ ಸುತ್ತಮುತ್ತ ಸ್ಟ್ರೋಕ್ ಆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ.

ಅಡಿಕೆ ತೋಟದ ಗೌಡ್ರು ನನಗೆ ಸಿಕ್ಕಾಗ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಗಿತ್ತು. ಕೋಲು ಹಿಡಿದು ನಡೆಯುತ್ತಿದ್ದರು. ಬಲಗೈಗೆ ಲೋಟ ಕೊಟ್ಟರೆ ಹಿಡಿಯುತ್ತಿದ್ದರು, ಬಿಡಲು ಮಾತ್ರ ಆಗುತ್ತಿರಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕಿತ್ತು. ಮನೆಯವರು ಪಾಪ, ದಿನಾ ರಬ್ಬರ್ ಚೆಂಡು ಒತ್ತಿಸುತ್ತಿದ್ದರು. ಅದನ್ನು ನಾನು ಮೊದಲು ನಿಲ್ಲಿಸಿದೆ. ಮಡಚುವ ಸ್ನಾಯು ಆಗಲೇ ಬಿಗಿದುಕೊಂಡಿತ್ತು. ಸೋತಿದ್ದು ಬಿಡಿಸುವ ಸ್ನಾಯು.

ಬೆಂಗಳೂರಿನಲ್ಲಿರುವ ಅವರ ಮಗ ಫೋನಿನಲ್ಲಿ, ಕೈಗೆ ವ್ಯಾಯಾಮ ಮಾಡಿಸುವ ರೋಬೋಟ್ ಬಗ್ಗೆ ಕೇಳಿದರು. ಬ್ರಿಟನ್ನಿನಲ್ಲಿ 770 ಜನರ ಮೇಲೆ ನಡೆದ ರಾಟಲ್ಸ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ರೋಬೋಟ್ ತರಬೇತಿ ಪಡೆದವರ ಕೈಕೆಲಸ ಹೆಚ್ಚು ಸುಧಾರಿಸಿರಲಿಲ್ಲ. ಅದನ್ನೇ ಹೇಳಿದೆ.

ನನ್ನ ಬ್ಯಾಗಿನಲ್ಲಿದ್ದದ್ದು ಇಎಂಜಿ ಸ್ಟಿಮ್ಯುಲೇಟರ್, ಅಂದರೆ ಸ್ನಾಯುವಿನ ವಿದ್ಯುತ್ ಅಳೆದು ಅದಕ್ಕೆ ಕರೆಂಟು ಕೊಡುವ ಯಂತ್ರ. ಚರ್ಮಕ್ಕೆ ಅಂಟುವ ಪ್ಯಾಡು, ಅಂಗೈಯಗಲದ ಪೆಟ್ಟಿಗೆ, ಅಷ್ಟೇ. ಪೇಸ್‌ಮೇಕರ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಶುರು ಮಾಡಿದೆ. ಬೆರಳು ಬಿಡಿಸಬೇಕು ಅಂತ ಗೌಡ್ರು ಮನಸ್ಸು ಮಾಡಿದರೆ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಏಳುತ್ತದೆ. ಕಣ್ಣಿಗೆ ಏನೂ ಕಾಣದು, ಯಂತ್ರಕ್ಕೆ ಗೊತ್ತಾಗುತ್ತದೆ. ಅದು ನಾನಿಟ್ಟ ಮಟ್ಟ ಮುಟ್ಟಿದರೆ ಮಾತ್ರ ಕರೆಂಟು ಹರಿದು ಕೈ ಪೂರ್ತಿ ತೆರೆಯುತ್ತದೆ. ಪ್ರಯತ್ನ ಪಡದಿದ್ದರೆ ಕರೆಂಟಿಲ್ಲ. ಸುಮ್ನೆ ಮಲಗಿಸಿ ಕರೆಂಟು ಕೊಡುವುದಕ್ಕಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಮೊದಲ ದಿನ ಎಡವಿದೆ. ಮಣಿಕಟ್ಟು ಚೆನ್ನಾಗಿ ಮೇಲೆದ್ದಿತು, ಬೆರಳು ಮಾತ್ರ ಇನ್ನೂ ಒಳಕ್ಕೆ ಮಡಚಿತು. ಕರೆಂಟು ಮಣಿಕಟ್ಟಿನ ಸ್ನಾಯುವಿಗಷ್ಟೇ ಹೋಗುತ್ತಿತ್ತು. ಪ್ಯಾಡನ್ನು ಮುಂದೋಳಿನ ಹಿಂಬದಿಯ ನಡುವಿಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದೆ. ನಾಲ್ಕನೇ ಸಲಕ್ಕೆ ಬೆರಳು ಬಿಚ್ಚಿಕೊಂಡಿತು. ಆ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿದೆ, ಮನೆಯವರಿಗೂ ತೋರಿಸಿಕೊಟ್ಟೆ.

"ಡಾಕ್ಟ್ರೇ, ಇದು ನಾನು ಮಾಡಿದ್ದಾ, ಕರೆಂಟು ಮಾಡಿದ್ದಾ?" ಅಂತ ಗೌಡ್ರು ಕೇಳಿದರು. ಪರದೆ ಅವರ ಕಡೆ ತಿರುಗಿಸಿದೆ. "ಈ ಗೆರೆ ಏರ್ತಿದೆಯಲ್ಲ, ಇದು ನಿಮ್ಮದು. ಆಮೇಲಿನದ್ದು ಯಂತ್ರದ್ದು." ಅವತ್ತಿನಿಂದ ಅವರ ಕಣ್ಣು ಆ ಗೆರೆ ಮೇಲೇ. ವಾರಕ್ಕೊಮ್ಮೆ ಮಟ್ಟ ಏರಿಸುತ್ತಾ ಹೋದೆ. ಸ್ನಾಯು ದಣಿದರೆ ಗೆರೆ ಕುಗ್ಗುತ್ತದೆ, ಆಗ ವಿಶ್ರಾಂತಿ. ಪ್ಯಾಡ್ ತೆಗೆದ ಕೂಡಲೇ ನಿಜವಾದ ಲೋಟ, ನಿಜವಾದ ಮೇಜು.

ಹತ್ತು ವಾರವಾಯಿತು. ಕಾಫಿ ಕುಡಿದು ಸ್ಟೀಲ್ ಲೋಟವನ್ನು ತಾವೇ ಕೆಳಗಿಡುತ್ತಾರೆ, ನಿಧಾನವಾಗಿ. ಅಂಗಿ ಗುಂಡಿ ಇನ್ನೂ ಆಗಿಲ್ಲ. ಈಗ ಹೆಬ್ಬೆರಳಿನ ಮೇಲೆ ಕೆಲಸ ನಡೆದಿದೆ.