ಹತ್ತಿಕಾಳು ಹಿಂಡಿ ಬಿಟ್ಟ ಮೇಲೆ

ನಮ್ಮದು ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟಕ್ಕೆ ರಾಸಾಯನಿಕ ಗೊಬ್ಬರ ಹಾಕುವುದನ್ನು ಬಿಟ್ಟು ಆರು ವರ್ಷವಾದ ಮೇಲೆ ದನಗಳನ್ನೂ ಅದೇ ಸಾವಯವ ದಾರಿಗೆ ತರೋಣವೆಂದು ಹೊರಟೆ. ಕೊಟ್ಟಿಗೆಯಲ್ಲಿ ಮೂರು ಮಿಶ್ರತಳಿ ಹಸು, ಒಂದು ಹಳ್ಳಿಕಾರ್. ಹಸಿಮೇವು, ರಾಗಿಹುಲ್ಲು ಎರಡೂ ನಮ್ಮವೇ. ಅರ್ಧ ಕೆಲಸ ಆಗಿಯೇ ಹೋಗಿದೆ ಅಂದುಕೊಂಡಿದ್ದೆ. ಸಿಕ್ಕಿಬಿದ್ದದ್ದು ಹಿಂಡಿಯಲ್ಲಿ, ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟದಲ್ಲಿ.

ಹತ್ತಿಕಾಳು ಹಿಂಡಿ ಕೊಟ್ಟರೆ ಹಾಲಿಗೆ ಫ್ಯಾಟ್ ಬರುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ 2002ರಲ್ಲಿ ಬಿ.ಟಿ. ಹತ್ತಿಗೆ, ಅಂದರೆ ವಂಶವಾಹಿ ಬದಲಿಸಿದ ಕುಲಾಂತರಿ ಹತ್ತಿಗೆ, ಅನುಮತಿ ಸಿಕ್ಕ ಮೇಲೆ ದೇಶದ ಹತ್ತಿಯಲ್ಲಿ ಬಹುಪಾಲು ಅದೇ ಆಗಿದೆ. ಕುಲಾಂತರಿ ಬೆಳೆಯ ಆಹಾರ ಸಾವಯವದಲ್ಲಿ ನಿಷಿದ್ಧ. ಇದು ತಿಳಿದ ದಿನವೇ ಹಿಂಡಿ ನಿಲ್ಲಿಸಿದೆ. ಅದು ದೊಡ್ಡ ತಪ್ಪು. ದನದ ಹೊಟ್ಟೆ ಹೊಸ ಆಹಾರಕ್ಕೆ ಒಗ್ಗಲು ಎರಡು ಮೂರು ವಾರ ಬೇಕು. ಹನ್ನೊಂದು ಲೀಟರ್ ಕೊಡುತ್ತಿದ್ದ ಗೌರಿ ಏಳಕ್ಕೆ ಇಳಿದಳು, ಪಕ್ಕೆ ಎಣಿಸುವ ಹಾಗಾದಳು.

ಹಿಂದೆ ಹೈನುಗಾರಿಕೆ ತರಬೇತಿಗೆ ಹೋಗಿದ್ದೆ. ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ದಾಣಿ (ಹಿಂಡಿ, ಕಾಳಿನ ನುಚ್ಚು ಸೇರಿಸಿದ ತಿನಿಸು) ಅಂತ ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ಆ ದಾಣಿಯನ್ನು ಸಾವಯವವಾಗಿ ಯಾವುದರಿಂದ ಮಾಡುವುದು ಅಂತ ಈಗ ಹೋಗಿ ಕೇಳಿದರೆ, "ನಮ್ಮ ಪಾಠದಲ್ಲಿ ಅದು ಇಲ್ಲಮ್ಮ" ಅಂದರು.

ಹಾಗಾಗಿ ನಾನೇ ನೋಟ್‌ಬುಕ್ ಹಿಡಿದೆ. ನಮ್ಮ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿ ಹಿಂಡಿ ವಾಪಸ್ ತಂದೆ. ಅದರಲ್ಲಿ ಪ್ರೋಟೀನ್ ಕಡಲೆಕಾಯಿ ಹಿಂಡಿಯ ಸುಮಾರು ಅರ್ಧದಷ್ಟೇ. ಕೊರತೆ ತುಂಬಲು ಹುರುಳಿ ನುಚ್ಚು, ಅಗಸೆ ಸೊಪ್ಪು, ಹತ್ತು ಗುಂಟೆ ಅಲಸಂದೆ. ಐದು ತಿಂಗಳು ಕೊಟ್ಟದ್ದನ್ನೂ ಕರೆದದ್ದನ್ನೂ ಎರಡು ಹೊತ್ತು ಬರೆದೆ. ಗೌರಿಯ ಹಾಲು ಎಂಟೂವರೆ ಲೀಟರಿಗೆ ಬಂದು ನಿಂತಿತು. ಸಂತೋಷಪಟ್ಟೆ. ಆಮೇಲೆ ನೋಟ್‌ಬುಕ್ ನೋಡಿದ ನಮ್ಮ ಪಶುವೈದ್ಯರು ಒಂದೇ ಪ್ರಶ್ನೆ ಕೇಳಿದರು: "ಕರು ಹಾಕಿ ಎಷ್ಟು ತಿಂಗಳಾಗಿತ್ತು?" ನಾನದನ್ನು ಬರೆದೇ ಇರಲಿಲ್ಲ. ಕರು ಹಾಕಿ ತಿಂಗಳುಗಳು ಕಳೆದಂತೆ ಹಾಲು ತಾನಾಗಿಯೇ ಇಳಿಯುತ್ತದಲ್ಲ. ಇಳಿದದ್ದರಲ್ಲಿ ಹಿಂಡಿಯ ಪಾಲೆಷ್ಟು, ದಿನ ಕಳೆದದ್ದರ ಪಾಲೆಷ್ಟು, ಬೇರ್ಪಡಿಸುವುದು ಹೇಗೆ? ಒಂದು ಕೊಟ್ಟಿಗೆಯಲ್ಲಿ ಇದು ಬಗೆಹರಿಯುವುದಿಲ್ಲ. ಹತ್ತಾರು ಹಸುಗಳಿಗೆ ತೂಕ ಮಾಡಿ ಕೊಟ್ಟು ನೋಡಬೇಕು. ಪ್ರಾಣಿ ಪೋಷಣೆಗೆಂದೇ ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಸಂಸ್ಥೆ ಇದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ನಮಗೆ ತೆಂಗು-ರಾಗಿ ಸೀಮೆಯ ದಾಣಿ, ಕಲಬುರಗಿಯವರಿಗೆ ತೊಗರಿ ಹೊಟ್ಟಿನ ದಾಣಿ, ಹೀಗೆ ಸೀಮೆಗೊಂದು ಲೆಕ್ಕ ಅವರಿಂದ ಸಿಗಬೇಕು.

ಕೆಚ್ಚಲು ಬಾವಿನ ವಿಷಯದಲ್ಲಿ ಮಾತ್ರ ನಮಗೆ ಒಳ್ಳೆಯ ಪಾಠ ಸಿಕ್ಕಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿದ ಲೇಪ ಅದು: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿ, ಒಂದು ಹಿಡಿ ತೆಗೆದು ನೀರಿನಲ್ಲಿ ತೆಳುಮಾಡಿ, ಕೆಚ್ಚಲು ತೊಳೆದು ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚಬೇಕು. ಹಾಲಿನಲ್ಲಿ ಸಣ್ಣ ಗರಣೆ ಕಂಡ ಹೊತ್ತಿಗೇ ಶುರುಮಾಡಿದಾಗ ಎರಡು ಸಲ ವಾಸಿಯಾಯಿತು. ಮೂರನೆಯ ಸಲ ಹಸುವಿಗೆ ಜ್ವರ ಬಂದು ಮೇವು ಬಿಟ್ಟಿತು. ಡಾಕ್ಟರನ್ನು ಕರೆಸಿ ಆ್ಯಂಟಿಬಯೋಟಿಕ್ ಕೊಡಿಸಿದೆ. ನರಳುವ ಹಸುವಿಗೆ ಔಷಧಿ ತಡೆಯಿರಿ ಅಂತ ಯಾವ ಸಾವಯವ ನಿಯಮವೂ ಹೇಳುವುದಿಲ್ಲ. ಇಷ್ಟು ದಿನ ಹಾಲು ಬಳಸಬಾರದು ಅಂತ ಔಷಧಿಯ ಚೀಟಿಯಲ್ಲಿದ್ದ ಗಡುವಿನ ಎರಡರಷ್ಟು ದಿನ ಹಾಲು ಚೆಲ್ಲಿದೆ. ಲೇಪ ಸಾಕಾಗುವ ಬಾವು ಯಾವುದು, ಔಷಧಿ ಬೇಕಾದ ಬಾವು ಯಾವುದು ಅನ್ನುವ ವ್ಯತ್ಯಾಸ ತಿಳಿಯದೆ "ಸಾವಯವ ಕೆಟ್ಟುಹೋಗುತ್ತೆ" ಅಂತ ಕಾದು ಮೊಲೆಯನ್ನೇ ಕಳೆದುಕೊಂಡ ಹಸುಗಳನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಡೈರಿಯಲ್ಲಿ ನನ್ನ ಹಾಲೂ ಎಲ್ಲರ ಹಾಲಿನ ಜೊತೆ ಅದೇ ಕ್ಯಾನಿಗೆ ಬೀಳುತ್ತದೆ, ಬೆಲೆಯೂ ಅದೇ. ಆರು ಲೀಟರ್ ಮಾತ್ರ ಪಟ್ಟಣದ ನಾಲ್ಕು ಮನೆಗೆ ನೇರ ಹೋಗುತ್ತದೆ.

ಯುಗಾದಿಯಿಂದ ನಮ್ಮ ಸಂಘದ ಐದು ಹೆಣ್ಣುಮಕ್ಕಳೂ ಬರೆಯಲು ಕೂತಿದ್ದಾರೆ. ಎಲ್ಲರ ನೋಟ್‌ಬುಕ್ಕಿಗೂ ನಾನೇ ಗೆರೆ ಹಾಕಿಕೊಟ್ಟೆ. ಮೊದಲ ಕಾಲಂನಲ್ಲಿ ಕರು ಹಾಕಿದ ತಾರೀಖು.