ರೈಲಿನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು

ಚಿನ್ನಸ್ವಾಮಿಯಲ್ಲಿ ರಾತ್ರಿ ಮ್ಯಾಚ್ ಇದ್ದರೆ ಹದಿನೇಳನೇ ಓವರಿನಿಂದ ನಾನು ಮೊಬೈಲಿನಲ್ಲಿ ಸ್ಕೋರ್ ನೋಡಲು ಶುರು ಮಾಡುತ್ತೇನೆ. ಆಟದ ಹುಚ್ಚಿಗಲ್ಲ. ಪಂದ್ಯ ಒಂದು ಕಡೆ ವಾಲಿಬಿಟ್ಟರೆ ಜನ ಸ್ವಲ್ಪ ಸ್ವಲ್ಪವಾಗಿ ಮೊದಲೇ ಎದ್ದು ಬರುತ್ತಾರೆ. ಕೊನೆಯ ಎಸೆತದವರೆಗೂ ಹೋಯಿತೋ, ಮೂವತ್ತು ಚಿಲ್ಲರೆ ಸಾವಿರ ಮಂದಿ ಒಟ್ಟಿಗೆ ಏಳುತ್ತಾರೆ. ನಾನೂ ಆರ್‌ಸಿಬಿಯವನೇ, ಆದರೆ ಡ್ಯೂಟಿಯಲ್ಲಿದ್ದಾಗ ನನ್ನ ಹರಕೆ ಏಕಪಕ್ಷೀಯ ಪಂದ್ಯಕ್ಕೆ. ಯಾರು ಗೆದ್ದರೂ ಸೈ.

ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಮ್ಯಾಚ್ ದಿನ ಜನರನ್ನು ಸಂಭಾಳಿಸುವ ಕೆಲಸ ನನ್ನದು. ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿದ್ದೆ: ಆರು ಬೋಗಿಯ ರೈಲಿಗೆ ಸುಮಾರು 2,000 ಜನ, ಐದು ನಿಮಿಷಕ್ಕೊಂದು ರೈಲು, ಎರಡು ದಿಕ್ಕು. ಅರ್ಧ ಗಂಟೆಯಲ್ಲಿ ನಿಲ್ದಾಣ ಖಾಲಿ! ಆ ರಾತ್ರಿ ಮೊದಲ ರೈಲು ಹೊರಟಾಗ ಮೆಟ್ಟಿಲ ಎದುರಿನ ಬೋಗಿಗಳಲ್ಲಿ ಉಸಿರಾಡಲು ಜಾಗವಿರಲಿಲ್ಲ, ತುದಿಯ ಬೋಗಿಯಲ್ಲಿ ಒಬ್ಬ ಕಾಲು ಚಾಚಿ ಕೂತಿದ್ದ.

ನಾನು ಬೋಗಿ ಎಣಿಸಿದ್ದೆ, ಬಾಗಿಲು ಎಣಿಸಿರಲಿಲ್ಲ. ಬೋಗಿಗೆ ಒಂದು ಬದಿಗೆ ನಾಲ್ಕು ಬಾಗಿಲು, ಒಟ್ಟು 24. ರೈಲು ನಿಲ್ಲುವ ಅರ್ಧ ನಿಮಿಷದಲ್ಲಿ ಬಾಗಿಲಿಗೆ ಇಪ್ಪತ್ತು ಜನ ಹತ್ತಿದರೂ 480 ಮಂದಿಯಷ್ಟೇ. ಅದೂ ಎಲ್ಲ ಬಾಗಿಲಿಗೂ ಜನ ಹಂಚಿಕೊಂಡು ನಿಂತಿದ್ದರೆ. ಸರಿ, ರೈಲನ್ನೇ ಇನ್ನಷ್ಟು ಹೊತ್ತು ನಿಲ್ಲಿಸೋಣ ಅಂದರೆ ಹಿಂದಿನ ರೈಲು ಸುರಂಗದಲ್ಲಿ ಕಾಯುತ್ತದೆ, ಅದರ ಹಿಂದಿನದೂ ತಡ.

ಅಂದಿನಿಂದ ನನ್ನ ಅರ್ಧ ಕೆಲಸ ಪ್ಲಾಟ್‌ಫಾರ್ಮಿನ ಮೇಲೆ ಜನರನ್ನು ನಡೆಸುವುದು. ಮೈಕಿನಲ್ಲಿ ಕೂಗಿದರೆ ಯಾರೂ ಕೇಳುವುದಿಲ್ಲ. ಒಬ್ಬ ಹೋಮ್ ಗಾರ್ಡ್ ಕೈ ಎತ್ತಿ ಮುಂದೆ ನಡೆದರೆ ಐವತ್ತು ಜನ ಹಿಂದೆ ಹೋಗುತ್ತಾರೆ. ಕೆಳಗಿಳಿಯುವ ಎಸ್ಕಲೇಟರ್ ನಿಲ್ಲಿಸಿಬಿಡುತ್ತೇವೆ. ಕೆಳಗೆ ಜಾಗವಿಲ್ಲದಿದ್ದರೂ ಅದು ಜನರನ್ನು ತಂದು ಸುರಿಯುತ್ತಲೇ ಇರುತ್ತದೆ, ಬಿದ್ದವರ ಮೇಲೆ ಬೀಳುತ್ತಾರೆ.

ಟಿಕೆಟ್ಟಿನದು ದೊಡ್ಡ ತಲೆನೋವಲ್ಲ. ಐಪಿಎಲ್ ದಿನಗಳಲ್ಲಿ ವಾಪಸ್ ಪ್ರಯಾಣದ ಕಾಗದದ ಟಿಕೆಟ್ ಮಧ್ಯಾಹ್ನವೇ ಮಾರುವ ಪದ್ಧತಿ ಬಂದಮೇಲೆ ರಾತ್ರಿ ಕೌಂಟರಿನ ಸಾಲು ಕರಗಿತು.

ಉಳಿದದ್ದು ಹಗ್ಗ. ಮೆಟ್ಟಿಲ ಮೇಲ್ತುದಿಯಲ್ಲಿ ಇಬ್ಬರು ಅಡ್ಡ ಹಿಡಿಯುತ್ತೇವೆ, ಒಂದು ರೈಲಿಗೆ ಒಂದು ಗುಂಪು. ಸುಮ್ಮನೆ ತಡೆದು ನಿಂತರೆ ಅಪಾಯ. ಗೇಟಿಗೆ ಜನ ಒತ್ತಿದರೆ ಏನಾಗುತ್ತದೆಂದು 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಹೊರಗೆ ಇಡೀ ಊರು ನೋಡಿತು, 11 ಜೀವ ಹೋದವು. ಹಾಗಾಗಿ ಹಗ್ಗ ಹಿಡಿದವನು ಬಾಯಿ ಮುಚ್ಚಬಾರದು. ರೈಲು ಎಷ್ಟು ನಿಮಿಷಕ್ಕೆ ಅಂತ ಹೇಳುತ್ತಲೇ ಇರಬೇಕು.

ಒಂದು ರಾತ್ರಿ ಹಗ್ಗ ಎಳೆದಾಗ ಸರಿಯಾಗಿ ಎದುರಿಗೆ ನಿಂತವರು, ಹೆಗಲ ಮೇಲೆ ಮಗು ಮಲಗಿಸಿಕೊಂಡ ಒಬ್ಬರು.

"ರೈಲು ಇನ್ನೂ ಕೆಳಗೇ ಇದೆಯಲ್ಲ ಸಾರ್, ನನ್ನೊಬ್ಬನ್ನ ಬಿಡಿ."

"ಐದೇ ನಿಮಿಷ ಅಣ್ಣ, ಮುಂದಿನದಕ್ಕೆ ಮೊದಲು ನೀವೇ. ಇಳಿದ ತಕ್ಷಣ ಹತ್ತಬೇಡಿ, ತುದಿಯವರೆಗೂ ನಡೀರಿ."

ಗೊಣಗಿದರು. ಐದು ಏಳಾಯಿತು. ಆಮೇಲೆ ಸಿಸಿಟಿವಿ ಪರದೆಯಲ್ಲಿ ಕಂಡರು: ಕೊನೆಯ ಬೋಗಿ, ಕಿಟಕಿ ಪಕ್ಕದ ಸೀಟು, ಮಗುವಿಗೆ ಇನ್ನೂ ಎಚ್ಚರವಾಗಿರಲಿಲ್ಲ.